ಎರಡು ಏಟಿನ ಸದ್ದು

"ಕೇಳಿಸದೆ ಏನು ಮೇಡಂ? ಬಡಿದಿದ್ದೇ ನಾನು!"

ಟೇಲರ್ ಹೀಗೆಂದು ದೊಡ್ಡದಾಗಿ ನಕ್ಕ. ಏನೋ ಪರಾಕ್ರಮ ಮಾಡಿದವನ ಹಾಗೆ ಕೊರಳಲ್ಲಿದ್ದ ಅಳತೆ ಟೇಪನ್ನು ಎರಡೂ ಕೈಯಲ್ಲಿ ಹಿಡಿದು ಎಳೆದುಕೊಂಡ.

ಇನ್ಸ್‌ಪೆಕ್ಟರಮ್ಮ ನಗಲಿಲ್ಲ. ಅವನೇ ತರಿಸಿಕೊಟ್ಟಿದ್ದ ಟೀ ಲೋಟ ಬಾಯಿಯ ಹತ್ತಿರ ಹೋಗಿದ್ದು ಅಲ್ಲೇ ನಿಂತಿತು.

"ಏನಂದ್ರಿ?"

"ನಾನೇ ಅಂದೆ. ಇಪ್ಪತ್ತು ವರ್ಷದಿಂದ ಈ ಗೋಡೆಗೆ ಬೆನ್ನು ಕೊಟ್ಟು ಕೂತಿದೀನಿ. ಗೋಡೆ ಆಚೆ ಲಿಫ್ಟು. ರಿಪೇರಿಯವರು ಬಂದ್ರೋ, ನನ್ನ ಕಥೆ ಮುಗೀತು. ಕರಕರ ಅಂತ ಉಜ್ಜೋದೇನು, ಕುಟ್ಟೋದೇನು! ಆವತ್ತು ಯಾರದೋ ಕೋಟಿಗೆ ಕಾಲರ್ ಕೂರಿಸ್ತಾ ಇದ್ದೆ. ತಲೆ ಚಿಟ್ಟು ಹಿಡಿದುಹೋಯ್ತು. ಎದ್ದು ಹೋಗಿ ಈ ಕತ್ತರಿಯ ಹಿಡಿಯಿಂದ ಲಿಫ್ಟಿನ ಬಾಗಿಲ ಚೌಕಟ್ಟಿಗೆ ಬಾರಿಸಿದೆ. ಟಣ್, ಟಣ್! ಸಾಕು ನಿಲ್ಲಿಸ್ರೋ ಅಂತ."

"ಎಷ್ಟು ಸಲ?"

"ಎರಡೇ. ಮೂರನೇದಕ್ಕೆ ಕೈ ಎತ್ತೋ ಹೊತ್ತಿಗೆ ಸದ್ದು ನಿಂತೇ ಹೋಯ್ತು. ಪರವಾಗಿಲ್ಲ, ನನ್ನ ಮಾತಿಗೂ ಬೆಲೆ ಇದೆ ಅಂದ್ಕೊಂಡು ಬಂದು ಕೂತೆ. ಆಮೇಲೆ ಕೆಳಗಿಂದ ಕೂಗಾಟ ಕೇಳಿಸ್ತು. ಪಾಪ, ಆ ಹುಡುಗ..."

ಹತ್ತು ದಿನದ ಹಿಂದೆ ಇದೇ ಕಟ್ಟಡದಲ್ಲಿ ಲಿಫ್ಟಿನ ತಳದ ಗುಂಡಿಗಿಳಿದು ಕೆಲಸ ಮಾಡುತ್ತಿದ್ದ ಮೆಕ್ಯಾನಿಕ್ಕನ ಮೇಲೆ ಲಿಫ್ಟು ಇಳಿದು ಅವನು ಸತ್ತಿದ್ದ. ಕೆಳಗಿನ ಸ್ವಿಚ್ ರೂಮಿನಲ್ಲಿ ಮೇನ್ ಸ್ವಿಚ್ ಹಾಕಿದ್ದು ಅವನ ಅಣ್ಣನ ಮಗಳು, ಹತ್ತು ವರ್ಷದ ಪುಟ್ಟಿ.

"ಇದನ್ನ ಮೊದಲೇ ಯಾಕ್ರೀ ಹೇಳಲಿಲ್ಲ?" ಇನ್ಸ್‌ಪೆಕ್ಟರಮ್ಮನ ದನಿ ಗಟ್ಟಿಯಾಯಿತು.

"ನೀವು ಕೇಳಲಿಲ್ವಲ್ಲ ಮೇಡಂ! ನೀವು ಕೇಳಿದ್ದು ಒಂದೇ. ಹಿಂದಿನ ದಿನ ಚಿಕ್ಕಪ್ಪ ಕೆನ್ನೆಗೆ ಹೊಡೆದಾಗ ಹುಡುಗಿ 'ನೀನು ಸತ್ತೋಗು' ಅಂದಳಾ ಅಂತ. ಅಂದಳು ಅಂದೆ. ಬರ್ಕೊಂಡ್ರಿ, ಹೋದ್ರಿ."

ಸರಿಯಾದ ಮಾತೇ. ಕಪಾಳಕ್ಕೆ ಹೊಡೆದಂತಿತ್ತು, ಅಷ್ಟೇ. ಠಾಣೆಯಲ್ಲಿ ಆಕೆಗೆ ಭೂತಗನ್ನಡಿ ಅಂತ ಅಡ್ಡಹೆಸರು, ಸಾಸಿವೆಯಲ್ಲೂ ಸುಳಿವು ಹುಡುಕುತ್ತಾಳೆ ಅಂತ. ಇಂಥ ಭೂತಗನ್ನಡಿ ಈ ಸಲ ಹತ್ತೇ ನಿಮಿಷದಲ್ಲಿ ಇಬ್ಬರ ಹೇಳಿಕೆ ಬರೆದುಕೊಂಡು, ವರದಿಯ ಕೊನೆಯಲ್ಲಿ ತನ್ನ ಕೈಯಾರೆ ಒಂದು ಪದ ಸೇರಿಸಿದ್ದಳು: 'ಬೇಕೆಂದೇ.' ಆ ಒಂದು ಪದ ಈಗ ಆ ಮಗುವಿನ ಕುತ್ತಿಗೆಗೆ ಬಿದ್ದಿತ್ತು.

"ಯಾಕೆ ಮೇಡಂ? ಎರಡು ಸಲ ಬಡಿದ್ರೆ ಏನಾಯ್ತು?" ಟೇಲರನ ನಗು ನಿಧಾನವಾಗಿ ಇಳಿಯತೊಡಗಿತು.

"ಏನಿಲ್ಲ. ನೀವು ಎಲ್ಲೂ ಹೋಗ್ಬೇಡಿ. ಯಾರ ಹತ್ರಾನೂ ಇದರ ಬಗ್ಗೆ ಮಾತಾಡ್ಬೇಡಿ. ನಾನೇ ಹೇಳಿ ಕಳಿಸ್ತೀನಿ."

ಏನಿಲ್ಲ ಎಂದಳೇ ಹೊರತು ಎರಡು ಏಟಿನ ಅರ್ಥ ಆಕೆಗೆ ಗೊತ್ತಿತ್ತು. ನಿನ್ನೆ ಸಂಜೆ ಲಿಫ್ಟ್ ಕಂಪನಿಯ ಹಳೇ ಮೇಸ್ತ್ರಿಯೊಬ್ಬ ಮಾತಿನ ಭರದಲ್ಲಿ ಬಾಯಿಬಿಟ್ಟಿದ್ದ. ಲಿಫ್ಟಿನ ಒಳಗೆ ಮೊಬೈಲು ಸಿಗ್ನಲ್ ಹಿಡಿಯುವುದಿಲ್ಲ. ಎಂಟು ಮಹಡಿ ಮೇಲಿಂದ ಕೂಗಿದರೆ ಯಾರಿಗೆ ಕೇಳಿಸಬೇಕು? ಅದಕ್ಕೇ ಮೇಲಿರುವವನು ಸ್ಪ್ಯಾನರಿನಿಂದ ಲಿಫ್ಟು ಜಾರುವ ಕಂಬಿಗೆ ಬಡಿಯುತ್ತಾನೆ. ಕೆಳಗೆ ಸ್ವಿಚ್ ಹತ್ತಿರ ಕೂತವನು ಕೇಳಿಸಿಕೊಂಡು ಅದರಂತೆ ಮಾಡುತ್ತಾನೆ. ಒಂದು ಏಟು ಬಿದ್ದರೆ ತೆಗಿ, ಎರಡು ಏಟು ಬಿದ್ದರೆ ಹಾಕು. ಕಂಪನಿ ಇದನ್ನು ಎಂದೋ ನಿಷೇಧಿಸಿದೆ. ಕಂಪನಿಯವರು ಗುಂಡಿಗೆ ಇಳಿಯುತ್ತಾರೆಯೇ? ಇಳಿಯುವವರು ಇನ್ನೂ ಬಡಿಯುತ್ತಲೇ ಇದ್ದಾರೆ.

ಆಕೆ ಮೆಟ್ಟಿಲ ಬಳಿ ನಿಂತು ಕೆಳಗೆ ಕೂಗಿದಳು. "ಮೀಸೆ! ಸ್ವಿಚ್ ರೂಮಿಗೆ ಹೋಗಿ ಕೂತ್ಕೋ. ಕಿವಿ ಕೊಟ್ಟು ಕೇಳು. ಏನನ್ನೂ ಮುಟ್ಬೇಡ!"

ಮೀಸೆ ಎಂದರೆ ಕಾನ್‌ಸ್ಟೇಬಲ್. ಮುಖಕ್ಕಿಂತ ಮೀಸೆಯೇ ಮೊದಲು ಠಾಣೆಗೆ ಬರುತ್ತದೆ ಎಂದು ಎಲ್ಲರೂ ರೇಗಿಸುವ ಮನುಷ್ಯ.

ಆಕೆ ಟೇಲರನ ಕತ್ತರಿ ಇಸಿದುಕೊಂಡು ಚೌಕಟ್ಟಿಗೆ ಎರಡು ಬಾರಿಸಿದಳು. ಆಮೇಲೆ ಏದುಸಿರು ಬಿಡುತ್ತಾ ತುದಿಯ ಮೆಷಿನ್ ರೂಮಿಗೆ ಹತ್ತಿ, ಅಲ್ಲಿ ಬಿದ್ದಿದ್ದ ಸ್ಪ್ಯಾನರಿನಿಂದ ಕಂಬಿಗೆ ಎರಡು ಬಾರಿಸಿದಳು. ಇಳಿದು ಸ್ವಿಚ್ ರೂಮಿಗೆ ಬಂದಳು.

"ಎರಡು ಸಲ ಎರಡೆರಡು ಏಟು ಮೇಡಂ," ಎಂದ ಮೀಸೆ.

"ಯಾವುದು ತುದಿಯಿಂದ, ಯಾವುದು ಮಧ್ಯದಿಂದ?"

"ಅಯ್ಯೋ, ಕಬ್ಬಿಣದ ಸದ್ದು ಮೇಡಂ. ಎರಡೂ ನನ್ನ ತಲೆ ಮೇಲೇ ಬಡಿದ ಹಾಗಿತ್ತು. ದೇವರಾಣೆ, ವ್ಯತ್ಯಾಸ ಗೊತ್ತಾಗಲಿಲ್ಲ."

ಸ್ವಿಚ್ ರೂಮ್ ಮೆಟ್ಟಿಲ ಹಿಂದೆ, ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಲಾಗದಷ್ಟು ಇಕ್ಕಟ್ಟು. ಕಿಟಕಿಯಿಲ್ಲ. ಗುಂಡಿ ಕಾಣುವುದಿಲ್ಲ, ಲಿಫ್ಟೂ ಕಾಣುವುದಿಲ್ಲ. ಅಲ್ಲಿ ಕೂತ ಮಗುವಿಗೆ ಪ್ರಪಂಚವೆಂದರೆ ಆ ಸದ್ದೊಂದೇ.

ಮಗು ಕೋಪದಿಂದ ಸ್ವಿಚ್ ಹಾಕಿರಲಿಲ್ಲ. ಹೇಳಿದ ಮಾತು ಕೇಳಿತ್ತು. ಹೇಳಿದವರು ಮಾತ್ರ ಬೇರೆ!

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಓಡಿಹೋಗಿ ಹೇಳಿದರೆ ಮಗು ಬಿಡುಗಡೆ, ಎಲ್ಲರೂ ಸುಖವಾಗಿದ್ದರು ಅಂತ. ಜೀಪಿನಲ್ಲಿ ಕೂತ ಮೇಲೆ ಆಕೆಗೆ ಹೊಳೆದದ್ದು ಬೇರೆಯೇ.

"ಮೀಸೆ, ಇವತ್ತು ಐದು ಗಂಟೆಗೆ ಮಕ್ಕಳ ಮಂಡಳಿ ಏನು ತೀರ್ಮಾನ ಮಾಡುತ್ತೆ ಗೊತ್ತಾ?"

"ತಪ್ಪು ಮಾಡಿದಾಳೋ ಇಲ್ವೋ ಅಂತ."

"ಅಲ್ಲ. ಆ ಮಾತೇ ಇಲ್ಲ. ಏಳು ತುಂಬದ ಮಗುವಾದ್ರೆ ಅಪರಾಧವೇ ಇಲ್ಲ, ಸೀದಾ ಮನೆಗೆ. ಏಳರಿಂದ ಹನ್ನೆರಡರ ತನಕ ತಿಳಿವಳಿಕೆ ನೋಡ್ತಾರೆ, ಇವಳಿಗೆ ಹತ್ತು ತುಂಬಿ ಮೂರು ತಿಂಗಳು. ಹಾಗಾಗಿ ಮಂಡಳಿ ಕೇಳೋದು ಒಂದೇ ಪ್ರಶ್ನೆ: ತಾನು ಮಾಡ್ತಿರೋದು ಏನು ಅನ್ನೋ ತಿಳಿವಳಿಕೆ ಮಗುವಿಗೆ ಇತ್ತಾ? ಇರಲಿಲ್ಲ ಅಂದ್ರೆ ಇವತ್ತೇ ಅಪ್ಪನ ಜೊತೆ ಮನೆಗೆ. ಇತ್ತು ಅಂದ್ರೆ, ಜೀವ ಹೋದ ಕೇಸಾದ್ದರಿಂದ, ಫೈಲು ಪೂರ್ತಿ ವಿಚಾರಣೆಗೆ. ತೀರ್ಪು ಬರೋ ತನಕ ಬಾಲಮಂದಿರ, ಬೀಗದ ಮನೆ."

"ತೀರ್ಪು ಯಾವಾಗ ಬರುತ್ತೆ?"

"ಹೋದ ವರ್ಷದ ಕೇಸಿಗೆ ಇನ್ನೂ ದಿನಾಂಕ ಬಿದ್ದಿಲ್ಲ."

ಮೀಸೆ ಗೇರ್ ಬದಲಾಯಿಸಿದ. "ಹಾಗಾದ್ರೆ ಬಡಿದ ವಿಷಯ ಹೇಳಿದ್ರೆ..."

"ಹೇಳಿದ್ರೆ, ಮಗುವಿಗೆ ಬಡಿತದ ಅರ್ಥ ಗೊತ್ತಿತ್ತು ಅಂತ ಆಯ್ತು. ಸ್ವಿಚ್ ಹಾಕಿದ್ರೆ ಲಿಫ್ಟ್ ಓಡುತ್ತೆ ಅಂತಾನೂ ಗೊತ್ತಿತ್ತು ಅಂತ ಆಯ್ತು. ತಿಳಿವಳಿಕೆ ಇತ್ತು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ನಿರಪರಾಧಿ ಅಂತ ತೋರಿಸೋ ಸಾಕ್ಷಿಯೇ ಅವಳನ್ನ ಒಳಗೆ ಹಾಕ್ಸುತ್ತೆ ಕಣೋ."

"ಥೂ! ಬಾಯಿಗೆ ಬಿದ್ದ ಬಿಸಿತುಪ್ಪ ಆಯ್ತಲ್ಲ ಮೇಡಂ ಇದು."

ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಸಮಯ ನಾಲ್ಕೂ ಹತ್ತು.

ಮಂಡಳಿಯ ಕಟ್ಟಡದ ಮೊಗಸಾಲೆಯಲ್ಲಿ ಬೆಂಚಿನ ಈ ತುದಿಗೆ ಪುಟ್ಟಿಯ ಅಪ್ಪ, ಆ ತುದಿಗೆ ಸತ್ತವನ ಹೆಂಡತಿ. ನಡುವೆ ನಾಲ್ಕು ಜನ ಕೂರುವಷ್ಟು ಜಾಗ ಖಾಲಿ. ಹತ್ತು ದಿನದ ಹಿಂದೆ ಒಂದೇ ಮನೆಯಲ್ಲಿ ಒಂದೇ ಒಲೆಯ ಅನ್ನ ಉಂಡವರು.

ಇನ್ಸ್‌ಪೆಕ್ಟರಮ್ಮನನ್ನು ಕಂಡು ಹೆಂಗಸು ಎದ್ದಳು. "ಮೇಡಂ, ಎಲ್ಲರೂ ನನಗೇ ಬುದ್ಧಿ ಹೇಳ್ತಾರೆ. ಚಿಕ್ಕ ಮಗು, ಬಿಟ್ಟುಬಿಡು ಅಂತ. ನಾನು ಎತ್ತಿ ಆಡಿಸಿದ ಮಗು ಅದು, ನನಗೆ ಗೊತ್ತಿಲ್ವಾ? ಆದ್ರೆ ಒಂದು ಹೇಳಿ. ಅವಳಿಗೆ ಹತ್ತೇ ವರ್ಷ ಅಂತ ನನ್ನ ಗಂಡ ಏನು ಅರ್ಧ ಸತ್ತಿದಾರಾ?"

ಇನ್ಸ್‌ಪೆಕ್ಟರಮ್ಮ ಆಕೆಯ ಕೈ ಒತ್ತಿ, ಅಪ್ಪನನ್ನು ಕರೆದುಕೊಂಡು ಹಳೇ ಫೈಲುಗಳ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿದಳು.

"ಎರಡು ಸಲ ಬಡಿದ್ರೆ ಏನರ್ಥ?"

ಅವನ ಮುಖ ಕಲ್ಲಾಯಿತು. "ಗೊತ್ತಿಲ್ಲ ಮೇಡಂ."

"ಹದಿನೈದು ವರ್ಷ ಲಿಫ್ಟಿನ ಕೆಲಸ ಮಾಡಿದೀರಿ. ಗೊತ್ತಿಲ್ಲ?"

"ನಾವು ಮೊಬೈಲಲ್ಲೇ ಮಾತಾಡೋದು."

"ಸಿಗ್ನಲ್ ಬರುತ್ತಾ?"

ಅವನು ಅಂಗಿಯ ತುದಿ ತಿರುಚತೊಡಗಿದ.

"ಪುಟ್ಟಿ ಅಲ್ಲಿ ಆಟ ಆಡ್ತಾ ಇದ್ದಳು ಅಂತ ಬರೆಸಿದೀರಿ. ಆ ಕತ್ತಲು ಗೂಡಲ್ಲಿ ಯಾವ ಮಗು ಆಟ ಆಡುತ್ತೆ? ಯಾರು ಕೂರಿಸಿದ್ದು ಅವಳನ್ನ?"

ಅವನು ಫೈಲುಗಳ ಕಡೆ ನೋಡಿದ. ಬಾಗಿಲ ಕಡೆ ನೋಡಿದ. ಹೋಗಲು ಎಲ್ಲೂ ದಾರಿಯಿರಲಿಲ್ಲ. ಇದ್ದಕ್ಕಿದ್ದಂತೆ ನೆಲಕ್ಕೆ ಕುಸಿದು ಕೂತ.

"ನಾನೇ ಮೇಡಂ. ನಾನೇ ಪಾಪಿ. ಸ್ವಿಚ್ ನೋಡ್ಕೊಳ್ಳೋನು ಆವತ್ತು ಬರಲಿಲ್ಲ. ಸ್ಕೂಲಿಗೆ ರಜೆ ಅಂತ ಇವಳು ಜೊತೆಗಿದ್ದಳು. ಆರು ವರ್ಷದಿಂದ ನನ್ನ ಹಿಂದೇನೇ ತಿರುಗಿದ ಮಗು. ಯಾವ ವೈರು ಯಾವುದಕ್ಕೆ ಅಂತ ಹೆಲ್ಪರಿಗಿಂತ ಚೆನ್ನಾಗಿ ಹೇಳ್ತಾಳೆ. ಎಲ್ಲರ ಹತ್ರ ಜಂಬ ಕೊಚ್ಕೊಂಡು ತಿರುಗ್ತಿದ್ದೆ. ಸುಮ್ನೆ ಕೂತಿರು ಮರಿ, ನಾನು ಮೆಷಿನ್ ರೂಮಿಂದ ಎರಡು ಸಲ ಬಡಿದಾಗ ಹಾಕು ಅಂದೆ. ತಮ್ಮ ಮೇಲೆ ಬಂದು ಮುಖ ತೋರಿಸೋ ತನಕ ನಾನು ಬಡಿಯೋನಲ್ಲ. ನಾನು ಬಡೀಲೇ ಇಲ್ಲ ಮೇಡಂ! ನನ್ನ ತಾಯಾಣೆ!"

"ಗೊತ್ತು."

"ಬಡಿಯದೆ ಯಾಕೆ ಹಾಕಿದ್ಲು? ಹತ್ತು ದಿನದಿಂದ ಇದೇ ತಲೆ ತಿಂತಾ ಇದೆ. ಹಿಂದಿನ ದಿನ ಅವನು ಹೊಡೆದಿದ್ದ. ಇವಳು ಸತ್ತೋಗು ಅಂದಿದ್ದಳು. ಕೇಳೋಣ ಅಂದ್ರೆ ಒಂಟಿಯಾಗಿ ಬಿಡಲ್ಲ, ಪಕ್ಕದಲ್ಲಿ ಬಾಲಮಂದಿರದ ಆ ಮೇಟ್ರನ್ ಕೂತಿರ್ತಾರೆ. ನನ್ನ ಹೊಟ್ಟೇಲಿ ಹುಟ್ಟಿದ ಮಗೂನೇ ನಾನು ಅನುಮಾನ ಪಟ್ಟೆ ಮೇಡಂ."

ಆಕೆ ಅವನ ಎದುರು ಕುಕ್ಕರಗಾಲಲ್ಲಿ ಕೂತು, ಟೇಲರನ ಕತ್ತರಿಯ ವಿಷಯ ಹೇಳಿದಳು. ಮೀಸೆಯ ಪರೀಕ್ಷೆಯ ವಿಷಯವನ್ನೂ ಹೇಳಿದಳು.

ಅವನು ಮೊದಲು ಅರ್ಥವಾಗದವನಂತೆ ನೋಡಿದ. ಆಮೇಲೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಅತ್ತ. ಅಂಥ ಅಳುವನ್ನು ಆಕೆ ಸಾವಿನ ಮನೆಯಲ್ಲೂ ಕಂಡಿರಲಿಲ್ಲ. ಅದರಲ್ಲಿ ದುಃಖದಷ್ಟೇ ನೆಮ್ಮದಿಯೂ ಇತ್ತು.

ನೆಮ್ಮದಿ ಎಷ್ಟು ಹೊತ್ತು? ಒಂದು ನಿಮಿಷ. ಕಣ್ಣೊರೆಸಿಕೊಂಡವನೇ ಆಕೆಯ ತೋಳು ಹಿಡಿದ.

"ಹೇಳ್ಬೇಡಿ ಮೇಡಂ. ಇವತ್ತು ಹೇಳ್ಬೇಡಿ! ವಕೀಲರು ಸ್ಪಷ್ಟವಾಗಿ ಹೇಳಿದಾರೆ. ಏನು ಕೇಳಿದ್ರೂ ಗೊತ್ತಿಲ್ಲ ಅನ್ನು ಅಂತ ಅವಳಿಗೂ ಹೇಳಿಕೊಟ್ಟಿದಾರೆ. ತಿಳಿವಳಿಕೆ ಇಲ್ಲ ಅಂತ ಬರೆದ್ರೆ ರಾತ್ರಿ ನನ್ನ ಪಕ್ಕದಲ್ಲಿ ಮಲಗಿರ್ತಾಳೆ."

"ಹಾಗೆ ಬರೆದ್ರೆ ಫೈಲು ಇವತ್ತೇ ಮುಚ್ಚುತ್ತೆ. ಕತ್ತರಿಯ ಮಾತು ಎಲ್ಲೂ ದಾಖಲಾಗಲ್ಲ. ಊರಿನ ಬಾಯಲ್ಲಿ, ನಿಮ್ಮ ತಮ್ಮನ ಹೆಂಡತಿ ಬಾಯಲ್ಲಿ, ಅವಳು ಸಾಯೋ ತನಕ ಚಿಕ್ಕಪ್ಪನ್ನ ಕೊಂದ ಹುಡುಗಿ."

"ಅಂದ್ಕೊಳ್ಳಲಿ! ಬೀಗದ ಮನೇಲಿ ಇರೋದಕ್ಕಿಂತ ಮೇಲು. ಬೇಕಾದ್ರೆ ನನ್ನ ಹಿಡ್ಕೊಂಡು ಹೋಗಿ. ಮಗೂನ ಅಲ್ಲಿ ಕೂರಿಸಿದೋನು ನಾನು."

"ನಿಮ್ಮನ್ನ ಹಿಡಿದ್ರೆ ಅವಳನ್ನ ಬಿಡ್ತಾರೆ ಅಂತ ಕಾನೂನಲ್ಲಿ ಎಲ್ಲೂ ಬರೆದಿಲ್ಲ. ಹಾಗೆ ಬರೆದಿದ್ರೆ ಎಷ್ಟು ಚೆನ್ನಾಗಿತ್ತು."

"ಮಾತು ಕೊಡಿ ಮೇಡಂ."

"ನಾನು ಯಾವ ಮಾತೂ ಕೊಡಲ್ಲ," ಎಂದು ಆಕೆ ಎದ್ದಳು. ಆಕೆಗೆ ತನ್ನ ಮೇಲೇ ಸಿಟ್ಟು ಬಂದಿತ್ತು.

ಮಂಡಳಿಯ ಕೋಣೆಯ ಕಿಟಕಿಗಳಿಗೆ ಹೂವಿನ ಆಕಾರದ ಸರಳುಗಳು. ಮಕ್ಕಳು ಹೆದರಬಾರದೆಂದು ಯಾರೋ ಪುಣ್ಯಾತ್ಮರು ಮಾಡಿಸಿದ್ದು. ಹೂವಾದರೇನು, ಕಬ್ಬಿಣ ಕಬ್ಬಿಣವೇ. ಮೂಲೆಯಲ್ಲಿ ಆಟದ ಸಾಮಾನಿನ ಕಪಾಟಿತ್ತು; ಅದಕ್ಕೂ ಬೀಗ ಹಾಕಿತ್ತು.

ಪುಟ್ಟಿ ದೊಡ್ಡವರ ಕುರ್ಚಿಯಲ್ಲಿ ಕೂತಿದ್ದಳು. ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಯಾರೋ ಎರಡು ಜಡೆಯನ್ನು ತೀರಾ ಬಿಗಿಯಾಗಿ ಹೆಣೆದಿದ್ದರಿಂದ ಹುಬ್ಬು ಮೇಲಕ್ಕೆ ಎಳೆದುಕೊಂಡು, ಮುಖ ಸದಾ ಆಶ್ಚರ್ಯಪಡುತ್ತಿರುವಂತೆ ಕಾಣುತ್ತಿತ್ತು. ಪಕ್ಕದಲ್ಲಿ ಮೇಟ್ರನ್, ಗೋಡೆಗೆ ಒರಗಿ ಅಪ್ಪ, ಬಾಗಿಲ ಹತ್ತಿರ ಚಿಕ್ಕಮ್ಮ.

ಅಧ್ಯಕ್ಷೆ ಕೆಟ್ಟವರಲ್ಲ. ನರೆತ ಕೂದಲಿನ, ಮೆದು ಮಾತಿನ ಹೆಂಗಸು. ಕನ್ನಡಕ ಏರಿಸಿಕೊಂಡು ಇನ್ಸ್‌ಪೆಕ್ಟರಮ್ಮನ ಕಡೆ ತಿರುಗಿದರು.

"ತನಿಖೆಯಲ್ಲಿ ಹೊಸದೇನಾದ್ರೂ ಇದೆಯೇನಮ್ಮ? ಇದ್ರೆ ಈಗಲೇ ಹೇಳ್ಬೇಕು. ಐದಕ್ಕೆ ನಾನು ಬರೆದು ಸಹಿ ಹಾಕ್ಬೇಕು."

ಇಪ್ಪತ್ತೆರಡು ವರ್ಷದ ಕೆಲಸದಲ್ಲಿ ಯಾವ ಪೀಠದ ಎದುರೂ ಆಕೆ ಸುಳ್ಳು ಹೇಳಿರಲಿಲ್ಲ. ಸತ್ತವನ ಹೆಂಡತಿಯ ಕಡೆ ನೋಡಲು ಧೈರ್ಯ ಬರಲಿಲ್ಲ. ಗಾಳಿಯಲ್ಲಿ ತೂಗುತ್ತಿದ್ದ ಆ ಎರಡು ಪುಟ್ಟ ಕಾಲುಗಳನ್ನೇ ನೋಡಿದಳು.

"ಸದ್ಯಕ್ಕೆ ಏನೂ ಇಲ್ಲ ಮೇಡಂ."

ಗೋಡೆಯ ಬಳಿ ಅಪ್ಪ ಉಸಿರು ಬಿಟ್ಟದ್ದು ಎಲ್ಲರಿಗೂ ಕೇಳಿಸಿತು.

"ಪುಟ್ಟಿ," ಅಧ್ಯಕ್ಷೆ ಮುಂದಕ್ಕೆ ಬಾಗಿದರು. "ಆ ಸ್ವಿಚ್ ಹಾಕಿದ್ರೆ ಏನಾಗುತ್ತೆ ಅಂತ ನಿನಗೆ ಗೊತ್ತಿತ್ತಾ ಕಂದಾ?"

"ಗೊತ್ತಿಲ್ಲ."

"ಚಿಕ್ಕಪ್ಪ ಎಲ್ಲಿದ್ರು ಅಂತ ಗೊತ್ತಿತ್ತಾ?"

"ಗೊತ್ತಿಲ್ಲ."

"ಮತ್ತೆ ಯಾಕೆ ಹಾಕಿದೆ?"

ಮಗು ತುಟಿ ಕಚ್ಚಿತು. ಕಣ್ಣು ಒಂದು ಕ್ಷಣ ಅಪ್ಪನ ಕಡೆ ಹೋಗಿ ವಾಪಸು ಬಂತು. "ಸುಮ್ನೆ. ನಾನೇ ಹಾಕಿದೆ."

ಅಧ್ಯಕ್ಷೆ ನಿಟ್ಟುಸಿರಿಟ್ಟು ಪೆನ್ನಿನ ಮುಚ್ಚಳ ತೆಗೆದರು. "ಸರಿ. ಇಷ್ಟು ಚಿಕ್ಕ ಮಗುವಿಗೆ ಯಂತ್ರದ ವಿಷಯ ಏನು ತಿಳಿದೀತು? ನಾನು ಬರೆದುಬಿಡ್ತೀನಿ."

ಇನ್ನು ಒಂದು ಸಾಲು, ಅಷ್ಟೇ. ಇನ್ಸ್‌ಪೆಕ್ಟರಮ್ಮ ಉಗುರಿನಿಂದ ಅಂಗೈ ಒತ್ತಿಕೊಂಡು ನಿಂತಳು. ಬರೀರಮ್ಮ, ಬೇಗ ಬರೀರಿ.

ಹೊರಗೆ ದಡಬಡ ಸದ್ದು. "ಏ, ಒಳಗೆ ಹೋಗಂಗಿಲ್ಲ!" ಎಂದು ಮೀಸೆ ಕೂಗಿದ್ದು ಕೇಳಿಸಿತು. ಬಾಗಿಲು ತೆರೆದುಕೊಂಡಿತು.

ಟೇಲರ್! ಕೊರಳಲ್ಲಿ ಟೇಪು ಹಾಗೇ ಇತ್ತು, ಕಾಲಲ್ಲಿ ಚಪ್ಪಲಿಯಿರಲಿಲ್ಲ. ಓಡಿ ಬಂದು ಮುಖವೆಲ್ಲ ಬೆವರು.

"ತಾಯಿ, ಒಂದು ಮಾತು. ಮೇಡಂ ನನ್ನ ಕತ್ತರಿ ಇಸ್ಕೊಂಡು ಬಡಿದು ನೋಡಿದಾಗ್ಲೇ ನನಗೆ ಅನುಮಾನ ಬಂತು. ಲಿಫ್ಟ್ ರಿಪೇರಿಗೆ ಬರ್ತಿದ್ದ ಹಳೇ ಮೇಸ್ತ್ರಿಗೆ ಫೋನ್ ಮಾಡಿ ಕೇಳಿದೆ, ಎರಡು ಸಲ ಬಡಿದ್ರೆ ಏನರ್ಥ ಅಂತ. ಹೇಳಿದ. ಅಂಗಡಿ ಹಾಗೇ ಬಿಟ್ಟು ಓಡಿ ಬಂದೆ."

"ನೀವು ಹೊರಗಿರಿ!" ಇನ್ಸ್‌ಪೆಕ್ಟರಮ್ಮ ಅವನ ಎದುರು ಬಂದು ನಿಂತಳು. "ಆಮೇಲೆ ಮಾತಾಡೋಣ."

"ಆಮೇಲೆ ಅಂದ್ರೆ ಯಾವಾಗ ಮೇಡಂ? ಆ ಮಗು ಬಂಧಿಯಾದ ಮೇಲಾ?" ಅವನು ಆಕೆಯ ಭುಜದ ಮೇಲಿಂದ ಕೂಗಿದ. "ತಾಯಿ, ಮಗುವಿನದು ತಪ್ಪಿಲ್ಲ. ಆವತ್ತು ಬಡಿದೋನು ನಾನು! ಸದ್ದು ತಡೀಲಾರದೆ ಕತ್ತರಿಯಿಂದ ಬಡಿದೆ. ಅದನ್ನ ಕೇಳಿ ಮಗು ಸ್ವಿಚ್ ಹಾಕಿದೆ. ಶಿಕ್ಷೆ ಕೊಡೋದಿದ್ರೆ ನನಗೆ ಕೊಡಿ."

ಪಾಪದ ಮನುಷ್ಯ. ಮಗುವನ್ನು ಬಿಡಿಸಲೆಂದೇ ಬರಿಗಾಲಲ್ಲಿ ಓಡಿ ಬಂದಿದ್ದ. ತಾನು ಏನು ಮಾಡಿದೆನೆಂದು ಈಗಲೂ ಅವನಿಗೆ ಗೊತ್ತಿರಲಿಲ್ಲ.

ಅಧ್ಯಕ್ಷೆಯ ಪೆನ್ನು ನಿಂತಿತು. ಅವರು ಟೇಲರನ್ನು ನೋಡಲಿಲ್ಲ. ಇನ್ಸ್‌ಪೆಕ್ಟರಮ್ಮನನ್ನೇ ನೋಡಿದರು. "ಹೊಸದೇನೂ ಇಲ್ಲ ಅಂದ್ರಲ್ಲಮ್ಮ?"

ಆಕೆ ಟೇಲರನ ಎದುರಿಂದ ಪಕ್ಕಕ್ಕೆ ಸರಿದಳು. ಚಿಕ್ಕಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ಟೇಲರನ್ನೇ ದಿಟ್ಟಿಸುತ್ತಿದ್ದಳು.

ಆಗ ಪುಟ್ಟಿ ಕುರ್ಚಿಯಿಂದ ಕೆಳಗೆ ಧುಮುಕಿದಳು. ಮೇಟ್ರನ್ ಹಿಡಿಯುವ ಮೊದಲೇ ಅಪ್ಪನ ಹತ್ತಿರ ಓಡಿ ಅವನ ಅಂಗಿ ಜಗ್ಗಿದಳು.

"ಅಪ್ಪಾ, ಹಾಗಾದ್ರೆ ಆವತ್ತು ಹಾಕು ಅಂತ ಬಡಿದಿದ್ದು ನೀನಲ್ವಾ? ಚಿಕ್ಕಪ್ಪನ್ನ ಸಾಯಿಸಿದ್ದು ನೀನಲ್ವಾ?"

ಅಪ್ಪ ತಲೆ ಅಲ್ಲಾಡಿಸಿದ. ಅಲ್ಲ ಎಂದನೋ, ಮಾತಾಡಬೇಡ ಎಂದನೋ, ಅವನಿಗೇ ತಿಳಿದಿರಲಿಕ್ಕಿಲ್ಲ.

ಇಷ್ಟು ದಿನ ಆ ಮಗು ಬಾಯಿ ಬಿಡದೆ ಯಾರನ್ನು ಕಾಯುತ್ತಿತ್ತು ಎಂಬುದು ಇನ್ಸ್‌ಪೆಕ್ಟರಮ್ಮನಿಗೆ ಆಗ ಹೊಳೆಯಿತು. ಹೊಳೆದು ಏನು ಪ್ರಯೋಜನ!

"ಪುಟ್ಟಿ," ಅಧ್ಯಕ್ಷೆಯ ದನಿ ಮೊದಲಿಗಿಂತಲೂ ಮೆದುವಾಗಿತ್ತು. "ಬಡಿದ್ರೆ ಏನರ್ಥ ಅಂತ ನಿನಗೆ ಗೊತ್ತಿತ್ತಾ?"

"ಪುಟ್ಟಿ, ಬೇಡ!" ಎಂದ ಅಪ್ಪ.

ಮಗು ತಿರುಗಿತು. ಹತ್ತು ದಿನದಲ್ಲಿ ಮೊದಲ ಸಲ ಅದರ ಮುಖ ಅರಳಿತ್ತು.

"ಓ, ಗೊತ್ತು! ಒಂದು ಏಟಿಗೆ ತೆಗೀಬೇಕು, ಎರಡು ಏಟಿಗೆ ಹಾಕ್ಬೇಕು. ಹಾಕಿದ್ರೆ ಮೋಟಾರು ತಿರುಗುತ್ತೆ, ಲಿಫ್ಟ್ ಇಳಿಯುತ್ತೆ. ಗುಂಡಿಯಲ್ಲಿ ಯಾರಾದ್ರೂ ಇದ್ರೆ ಹಾಕಬಾರ್ದು. ನನಗೆ ಎಲ್ಲಾ ಗೊತ್ತು. ಅಪ್ಪ ಮಾಡಿದ್ದಲ್ಲ ಅಂದ್ಮೇಲೆ ಎಲ್ಲಾ ಹೇಳ್ತೀನಿ, ಬರ್ಕೊಳ್ಳಿ."

ಅಧ್ಯಕ್ಷೆ ಬರೆಯತೊಡಗಿದರು.